ಭಾವನ ಎದೆ ಒತ್ತಿದ ಮಧ್ಯಾಹ್ನ

ಪುರಸಭೆ ಕಟ್ಟಡದ ಹಿಂಬದಿಯಲ್ಲಿ, ಕಸದ ಗಾಡಿಗಳು ನಿಲ್ಲುವ ಅಂಗಳಕ್ಕೆ ಕಿಟಕಿ ತೆರೆದುಕೊಂಡಿರುವ ಒಂದು ಕೋಣೆಯಿದೆ. ಊರಿನಲ್ಲಿ ಯಾರ ಮನೆಗೆ ಬೆಂಕಿ ಬಿದ್ದರೂ, ಯಾರು ಬಚ್ಚಲಲ್ಲಿ ಜಾರಿ ಬಿದ್ದರೂ ಮೊದಲು ಗಂಟೆ ಹೊಡೆದುಕೊಳ್ಳುವುದು ಆ ಕೋಣೆಯ ಫೋನು. ಎರಡು ಮೇಜು, ಎರಡು ಕಂಪ್ಯೂಟರು, ವ್ಯಾನಿನವರ ಜೊತೆ ಮಾತಾಡಲು ಒಂದು ವೈರ್‌ಲೆಸ್ಸು, ಗೋಡೆ ತುಂಬ ಊರಿನ ನಕ್ಷೆ. ಕಿಟಕಿ ತೆಗೆದರೆ ಕಸದ ವಾಸನೆ, ಮುಚ್ಚಿದರೆ ಸೆಕೆ. ಕಿಟಕಿಯ ಪಕ್ಕದ ಮೇಜು ಫೋನಕ್ಕನದು.

ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಅದು ಯಾರ ಬಾಯಲ್ಲೂ ಉಳಿಯಲಿಲ್ಲ. ಮೊದಲು ಆಕೆ ನೀರಿನ ದೂರು ಕೇಳುವ ಕಿಟಕಿಯಲ್ಲಿ ಕೂರುತ್ತಿದ್ದಳು. ನಲ್ಲಿಯಲ್ಲಿ ನೀರು ಬರದ ಜನ ಬಂದು ಬಾಯಿಗೆ ಬಂದಂತೆ ಬೈಯುವರು. ಈಕೆ ಮುಖದ ಒಂದು ಗೆರೆಯೂ ಅಲ್ಲಾಡದಂತೆ ಕೇಳಿಸಿಕೊಂಡು, ‘ಆಯ್ತು, ಮತ್ತೆ?’ ಎನ್ನುವಳು. ಅದನ್ನು ನೋಡಿದ ಸಾಹೇಬರು, ಈ ಹೆಂಗಸು ಭೂಮಿ ಬಿರಿದರೂ ಕುರ್ಚಿ ಬಿಟ್ಟು ಏಳುವವಳಲ್ಲ ಎಂದು ತುರ್ತು ಸೇವೆಯ ಕೋಣೆಗೆ ಹಾಕಿದರು.

ಆ ಕೋಣೆಯಲ್ಲಿ ಒಂದು ಕ್ರಮವಿತ್ತು. ಮೊದಲು ಜಾಗ, ಆಮೇಲೆ ಸಂಗತಿ, ಅಳುವುದೇನಿದ್ದರೂ ಕೊನೆಗೆ. ಫೋನು ನಡುವೆ ಕಟ್ಟಾದರೂ ಜಾಗ ಗೊತ್ತಿದ್ದರೆ ವ್ಯಾನು ಕಳಿಸಬಹುದು. ಜಾಗ ಗೊತ್ತಿಲ್ಲದೆ ಉಳಿದದ್ದೆಲ್ಲ ಗೊತ್ತಿದ್ದರೆ ಕೂತು ಮರುಗಬಹುದು, ಅಷ್ಟೇ. ಹೊಸದಾಗಿ ಕೆಲಸಕ್ಕೆ ಬಂದವರಿಗೆ ಇದನ್ನು ಕಲಿಸುತ್ತಿದ್ದವಳು ಫೋನಕ್ಕನೇ. ಕಲಿಸಿ ಕಲಿಸಿ ಅದು ಮೈಗೆ ಎಷ್ಟು ಹತ್ತಿತ್ತೆಂದರೆ, ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಆಕೆಯ ಗಂಡ ಮನೆಯಲ್ಲಿ ‘ಕೇಳಿಸ್ತೇನೇ?’ ಎಂದು ಕೂಗಿದರೆ, ‘ಎಲ್ಲಿಂದ ಮಾತಾಡ್ತಿದ್ದೀರಿ?’ ಎನ್ನುವಳು.

‘ಬಚ್ಚಲಿಂದ ಕಣೇ. ಟವೆಲ್ ಕೊಡು. ಅಂಬುಲೆನ್ಸ್ ಬೇಡ.’

ಗಂಡ ನಕ್ಕು ಸುಮ್ಮನಾದ. ಅಕ್ಕ ಸುಮ್ಮನಾಗಲಿಲ್ಲ.

ಅಕ್ಕನೆಂದರೆ ಒಡಹುಟ್ಟಿದ ಅಕ್ಕ. ಮನೆಯ ಮುಂದಿನ ಕೋಣೆಯಲ್ಲಿ ಮಷೀನು ಇಟ್ಟುಕೊಂಡು ಬಟ್ಟೆ ಹೊಲಿಯುವವಳು. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಒಂದು ದಿನ ಆಕೆಯ ಮಗಳನ್ನು ನೋಡಲು ಗಂಡಿನ ಕಡೆಯವರು ಬಂದು ಕೂತಿದ್ದರು. ಅದೇ ಹೊತ್ತಿಗೆ ಬೀರುವಿನ ಬೀಗದ ಕೈ ಸಿಗದೆ ಅಕ್ಕ ಒಳಗೆ ಹೊರಗೆ ಓಡಾಡುತ್ತ ಕೂಗಾಡತೊಡಗಿದಳು. ಫೋನಕ್ಕ ಕುರ್ಚಿಯಲ್ಲಿ ನೆಟ್ಟಗೆ ಕೂತು, ಆಫೀಸಿನ ದನಿಯಲ್ಲಿ ಹೇಳಿದಳು: ‘ಗಾಬರಿ ಆಗಬೇಡಿ ಅಮ್ಮ. ಒಂದೊಂದಾಗಿ ಹೇಳಿ. ನಿಮ್ಮ ಜೊತೆ ದೊಡ್ಡವರು ಯಾರಾದರೂ ಇದ್ದಾರಾ?’

ಗಂಡಿನ ಕಡೆಯವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಸಂಬಂಧ ಕುದುರಿತು. ಅಕ್ಕ ತಂಗಿಯ ಸಂಬಂಧ ಕೆಟ್ಟಿತು.

‘ನಾನು ನಿನ್ನ ಅಕ್ಕನೋ, ಇಲ್ಲ ಬೀದೀಲಿ ಬಿದ್ದವಳೋ?’ ಎಂದು ಅಕ್ಕ ಅಡುಗೆಮನೆಯಲ್ಲಿ ಕೇಳಿದಳು. ‘ಸಮಾಧಾನ ಮಾಡ್ಕೊಳ್ಳಿ’ ಎಂದಳು ಫೋನಕ್ಕ, ಅದೇ ದನಿಯಲ್ಲಿ. ಬೇಕೆಂದು ಮಾಡಿದ್ದಲ್ಲ, ಬಾಯಿಗೆ ಬೇರೆ ದನಿ ಸಿಗಲಿಲ್ಲ. ಮಾತು ಬಿಟ್ಟದ್ದು ಅಂದು. ಆ ಮಗಳಿಗೆ ಮದುವೆಯಾಗಿ ಎರಡು ಮಕ್ಕಳಾದರೂ ಅಕ್ಕ ತಂಗಿ ಎದುರಾದಾಗ ಒಬ್ಬಳು ಆಕಾಶ ನೋಡುವಳು, ಒಬ್ಬಳು ಚಪ್ಪಲಿ ನೋಡುವಳು. ಭಾವ ಒಬ್ಬರು ಮಾತ್ರ ಮಾರ್ಕೆಟ್ಟಿನಲ್ಲಿ ಸಿಕ್ಕರೆ ಸುತ್ತಮುತ್ತ ನೋಡಿ, ‘ಚೆನ್ನಾಗಿದ್ದೀಯೇನಮ್ಮ’ ಎಂದು ಕೇಳಿ ಕಳ್ಳನ ಹಾಗೆ ಸರಿದುಬಿಡುವರು. ಅವರಿಗೆ ಮೊಣಕಾಲು ನೋವು ಶುರುವಾದ ಮೇಲೆ ಅದೂ ನಿಂತಿತು.

ಹೀಗಿರುವಾಗ ಒಂದು ಮಧ್ಯಾಹ್ನ ಹಾಸಿಗೆ ಗೋದಾಮಿಗೆ ಬೆಂಕಿ ಬಿತ್ತು. ಪಕ್ಕದ ಮೇಜಿನ ಕೆಮ್ಮಣ್ಣ ಅದನ್ನು ನೋಡಿಕೊಳ್ಳುತ್ತಿದ್ದ. ಪ್ರತಿ ಕರೆಗೂ ಮುಂಚೆ ಒಂದು ಸಲ ಕೆಮ್ಮಿಯೇ ಮಾತು ಶುರುಮಾಡುವವನಾದ್ದರಿಂದ ಆ ಹೆಸರು. ಊರಿಗೆಲ್ಲ ಹೊಗೆ ಕಾಣುತ್ತಿತ್ತು, ಕಂಡವರೆಲ್ಲ ಫೋನು ಮಾಡುತ್ತಿದ್ದರು, ಅವನು ಒಂದೇ ಸಮನೆ ಕೆಮ್ಮುತ್ತಿದ್ದ. ಆಗ ಫೋನಕ್ಕನ ಮೇಜಿನ ಮೇಲೆ ಬೇರೊಂದು ಕರೆ ಬಂತು.

‘ನಮ್ಮನೆಯವರು ಬಿದ್ದುಬಿಟ್ಟರು. ಊಟ ಮಾಡಿ ಎದ್ದವರು ಹಾಗೇ ಕುಸಿದುಬಿಟ್ಟರು. ಕರೆದರೆ ಓ ಅಂತಿಲ್ಲ.’

ದನಿ ಗುರುತಿಸಲು ಅಷ್ಟೂ ಬೇಕಾಗಿರಲಿಲ್ಲ.

‘ಅಕ್ಕ’ ಎಂದಳು ಫೋನಕ್ಕ.

‘ಬೇರೆಯವರಿಗೆ ಕೊಡು ಫೋನು’ ಎಂದಳು ಅಕ್ಕ.

ಹಾಗೆ ನೋಡಿದರೆ ಅಕ್ಕ ಹೇಳಿದ್ದೇ ಸರಿ. ಸ್ವಂತದವರ ಕರೆ ಬಂದರೆ ಪಕ್ಕದ ಮೇಜಿಗೆ ದಾಟಿಸಬೇಕೆಂದು ನಿಯಮವೇ ಇತ್ತು. ಪಕ್ಕದ ಮೇಜಿನವನು ನಾಲ್ಕು ಜನರ ಜೊತೆ ಒಟ್ಟಿಗೆ ಕೆಮ್ಮುತ್ತಿದ್ದ.

‘ಬೇರೆಯವರು ಖಾಲಿ ಇಲ್ಲ.’

‘ಅಷ್ಟು ದೊಡ್ಡ ಆಫೀಸಿಗೆ ನೀನೊಬ್ಬಳೇ ಏನೇ?’

‘ಈಗ ನಾನೊಬ್ಬಳೇ. ಭಾವನ ಎದೆ ಏಳ್ತಾ ಇಳೀತಾ ಇದೆಯಾ ನೋಡು.’

‘ಇಲ್ಲ ಕಣೇ. ಏನೂ ಇಲ್ಲ.’

ಅಷ್ಟರಲ್ಲಿ ಫೋನಕ್ಕನ ಬೆರಳುಗಳು ಅಕ್ಕನ ಮನೆಯ ವಿಳಾಸ ಒತ್ತಿ ವ್ಯಾನು ಹೊರಡಿಸಿಯಾಗಿತ್ತು. ಜಾಗ ಕೇಳಲಿಲ್ಲ. ಅಕ್ಕನ ಮನೆ ಎಲ್ಲಿ ಎಂದು ಅಕ್ಕನನ್ನೇ ಕೇಳುವುದುಂಟೆ? ಕಬ್ಬಿಣದ ಗೇಟು, ಗೇಟಿನ ಪಕ್ಕ ನಲ್ಲಿ, ನಲ್ಲಿಯ ಕೆಳಗೆ ಸದಾ ಪಾಚಿ. ಕಣ್ಣು ಕಟ್ಟಿ ಬಿಟ್ಟರೂ ಆಕೆ ಹೋಗಿ ಮುಟ್ಟುತ್ತಿದ್ದಳು.

‘ಫೋನು ಸ್ಪೀಕರಿಗೆ ಹಾಕಿ ನೆಲದ ಮೇಲಿಡು. ಓಡಿ ಬಾಗಿಲು ತೆಗೆದು ಬಾ. ಅಕ್ಕಪಕ್ಕದವರು ಯಾರಾದ್ರೂ ಇದ್ದರೆ ಕೂಗು.’

‘ಎಲ್ಲಾ ಕೆಲಸಕ್ಕೆ ಹೋಗಿದ್ದಾರೆ.’ ಓಡಿದ ಸದ್ದು, ಚಿಲಕದ ಸದ್ದು, ಏದುಸಿರು. ‘ತೆಗೆದೆ. ಹೇಳು.’

‘ಅವರನ್ನ ಅಂಗಾತ ಮಲಗಿಸು. ಎದೆ ಮಧ್ಯಕ್ಕೆ ಒಂದು ಅಂಗೈ ಇಡು, ಅದರ ಮೇಲೆ ಇನ್ನೊಂದು. ಮೊಣಕೈ ಮಡಿಸಬೇಡ. ಮೈಭಾರ ಹಾಕಿ ಒತ್ತು, ಬಿಡು, ಒತ್ತು, ಬಿಡು.’

‘ನೋವಾಗುತ್ತೆ ಅವರಿಗೆ.’

‘ಆಗಲಿ. ಒತ್ತು. ಒಂದು, ಎರಡು, ಮೂರು, ನಾಲ್ಕು...’

‘ನೀನು ಓಡ್ತಿದ್ದೀಯ. ನಿಧಾನಕ್ಕೆ ಎಣಿಸು.’

‘ಇದೇ ವೇಗ ಅಕ್ಕ. ಮಷೀನು ತುಳಿಯೋಲ್ಲವಾ, ಹಾಗೆ.’

‘ಅದು ಕಾಲು. ಇದು ಕೈ.’

‘ಬಾಯಿ ಬಿಟ್ಟು ಕೈಗೆ ಬಲ ಹಾಕು. ಒಂದು, ಎರಡು...’

‘ಬಾಯಿ ಅಂದ್ಯಾ? ನನ್ನ ಬಾಯಿ ಅಂದ್ಯಾ? ನೋಡಿದಿರೇನ್ರೀ, ನಿಮ್ಮ ನಾದಿನಿ ಹೇಗೆ ಮಾತಾಡ್ತಾಳೆ!’

ಭಾವ ಉತ್ತರ ಕೊಡುವ ಸ್ಥಿತಿಯಲ್ಲಿರಲಿಲ್ಲ. ಆದರೂ ಅಕ್ಕ ಒತ್ತುವುದು ಬಿಡಲಿಲ್ಲ. ಸಿಟ್ಟು ಬಂದ ಮೇಲೆ ಒತ್ತು ಇನ್ನೂ ಚೆನ್ನಾಗಿ ಬೀಳುತ್ತಿದೆಯೆಂದು ಫೋನಕ್ಕನಿಗೆ ಈ ಕಡೆಯಿಂದಲೇ ಗೊತ್ತಾಯಿತು. ಆಕೆ ಎಣಿಸಿದಳು, ಅಕ್ಕ ಒತ್ತಿದಳು. ಇಷ್ಟು ವರ್ಷದ ಮೇಲೆ ಇಬ್ಬರೂ ಕೂಡಿ ಮಾಡಿದ ಕೆಲಸ ಇದೊಂದೇ.

ಅಷ್ಟು ಹೊತ್ತಿಗೆ ವೈರ್‌ಲೆಸ್ಸು ಕರಕರ ಎಂದಿತು. ವ್ಯಾನಿನ ಡ್ರೈವರು. ಬಲು ನಿಧಾನಕ್ಕೆ ಓಡಿಸುತ್ತಾನೆಂದು ಎಲ್ಲರೂ ಅವನನ್ನು ಬುಲೆಟ್ ಎನ್ನುತ್ತಿದ್ದರು.

‘ಮನೆಗೆ ಬಂದ್ವಿ ಅಕ್ಕೋರೆ. ರೋಗಿ ಹೊರಗಡೆ ಕೋಣೇಲೇ ಮಲಗಿದ್ದರು. ಎದೆ ಮೇಲೆ ಕೈ ಇಟ್ಟ ತಕ್ಷಣ ಎದ್ದು ಕೂತರು.’

‘ಎದ್ದು ಕೂತರಾ?’

‘ಮಾತೂ ಆಡ್ತಿದ್ದಾರೆ. ಬೈತಿದ್ದಾರೆ. ಚೆನ್ನಾಗೇ ಬೈತಿದ್ದಾರೆ.’

ಭಾವ ಯಾರನ್ನೂ ಬೈದದ್ದನ್ನು ಫೋನಕ್ಕ ಹುಟ್ಟಿದಾರಭ್ಯ ಕೇಳಿರಲಿಲ್ಲ. ಸತ್ತು ಬದುಕಿದವರು ಸ್ವಲ್ಪ ಬೈಯಬಹುದು ಎಂದುಕೊಂಡಳು. ಎಣಿಸುವುದು ನಿಲ್ಲಿಸಿದಳು.

‘ಅಕ್ಕ, ಸಾಕು ಬಿಡು. ಭಾವ ಎದ್ದು ಕೂತರಂತೆ.’

‘ಯಾರೇ ಹೇಳಿದ್ದು?’

‘ವ್ಯಾನಿನವರು. ನಿನ್ನ ಪಕ್ಕದಲ್ಲೇ ಇದ್ದಾರಲ್ಲ.’

‘ಯಾವ ವ್ಯಾನೇ? ಇಲ್ಲಿ ಒಂದು ನೊಣವೂ ಬಂದಿಲ್ಲ! ಇವರು ನನ್ನ ಕೈ ಕೆಳಗೇ ಇದ್ದಾರೆ, ತುಟಿ ನೀಲಿ ಆಗ್ತಾ ಇದೆ!’

ಫೋನಕ್ಕ ಕುರ್ಚಿ ಬಿಟ್ಟು ಎದ್ದಳು. ‘ನಿಲ್ಲಿಸಬೇಡ! ಒತ್ತು!’

‘ಬಿಡು ಅಂತೀಯ, ಒತ್ತು ಅಂತೀಯ!’

‘ಒತ್ತು ಅಕ್ಕ. ನೀನೇ ಜೋರಾಗಿ ಎಣಿಸು. ನೀನು ಯಾವ ಮನೇಲಿದ್ದೀಯ?’

‘ಒಂದು, ಎರಡು... ನಮ್ಮ ಮನೇಲಿ. ಮತ್ತೆಲ್ಲಿ ಇರ್ತೀನಿ?’

‘ಗೇಟ್ ಪಕ್ಕ ನಲ್ಲಿ ಇದೆಯಲ್ಲ, ಆ ಮನೆ ತಾನೇ?’

‘ಅದನ್ನ ಬಿಟ್ಟು ಆಗಲೇ ಒಂದು ವರ್ಷ ಆಯ್ತಲ್ಲೇ! ಇವರಿಗೆ ಮೊಣಕಾಲು ನೋವು, ಆ ಮನೆ ಮೆಟ್ಟಿಲು ಹತ್ತೋಕಾಗಲ್ಲ ಅಂತ ಲಿಫ್ಟ್ ಇರೋ ಮನೆಗೆ ಬಂದ್ವಿ. ಊರಿಗೆಲ್ಲಾ ಗೊತ್ತು.’

‘ನನಗೆ ಯಾರು ಹೇಳಿದ್ದರು?’

‘ನೀನು ಕೇಳಿದ್ಯಾ?’

ಕೇಳಿರಲಿಲ್ಲ. ಒಂದು ವರ್ಷದ ಕೆಳಗೂ ಕೇಳಿರಲಿಲ್ಲ, ಈಗ ಫೋನೆತ್ತಿದಾಗಲೂ ಕೇಳಿರಲಿಲ್ಲ. ಎಲ್ಲಿ ಹೇಳು ಎಂದು ದಾರಿಹೋಕರನ್ನೆಲ್ಲ ಕೇಳಿದವಳು ಅಕ್ಕನನ್ನು ಬಿಟ್ಟಿದ್ದಳು.

‘ಈಗ ಕೇಳ್ತಿದ್ದೀನಿ. ಜಾಗ ಹೇಳು. ಒತ್ತುತ್ತಾ ಹೇಳು.’

‘ರೈಲ್ವೆ ಗೇಟಿನ ಆಚೆ. ನೀರಿನ ಟ್ಯಾಂಕಿನ ಎದುರು ಹಳದಿ ಬಿಲ್ಡಿಂಗು. ಮೂರನೇ ಮಹಡಿ. ಲಿಫ್ಟ್ ಬೇರೆ ಕೆಟ್ಟಿದೆ. ಕಿಟಕಿಯಿಂದ ಹೊಗೆ ಬೇರೆ, ಯಾವನೋ ಹಾಸಿಗೆ ಸುಡ್ತಿದ್ದಾನೆ...’

ಬುಲೆಟ್ ಇದ್ದದ್ದು ಊರಿನ ಇನ್ನೊಂದು ತುದಿಯಲ್ಲಿ. ಅವನು ರೈಲ್ವೆ ಗೇಟು ದಾಟಿ ಬರುವಷ್ಟರಲ್ಲಿ ಭಾವನನ್ನು ನೋಡಲು ಅವಸರ ಪಡಬೇಕಾಗಿರುವುದಿಲ್ಲ. ಆದರೆ ಅಕ್ಕ ಹೊಗೆ ಎಂದಳಲ್ಲ. ಫೋನಕ್ಕ ಮೇಜಿನ ಮೇಲಿದ್ದ ಸ್ಟೇಪ್ಲರು ತೆಗೆದು ಕೆಮ್ಮಣ್ಣನ ಬೆನ್ನಿಗೆ ಎಸೆದಳು.

‘ಗೋದಾಮಿನ ಹತ್ತಿರ ಅಂಬುಲೆನ್ಸ್ ನಿಂತಿದೆಯಾ?’

‘ನಿಂತಿದೆ. ಯಾರಿಗೂ ಪೆಟ್ಟಾಗಿಲ್ಲ. ಬೆಂಕಿ ನೋಡ್ತಾ ನಿಂತಿದ್ದಾರೆ’ ಎಂದ ಅವನು ಬೆನ್ನು ಉಜ್ಜಿಕೊಳ್ಳುತ್ತ.

‘ಟ್ಯಾಂಕಿನ ಎದುರು ಹಳದಿ ಬಿಲ್ಡಿಂಗು, ಮೂರನೇ ಮಹಡಿ, ಉಸಿರಿಲ್ಲ. ಓಡಿಸು ಅವರನ್ನ. ನಮ್ಮ ಭಾವ.’

ಕೆಮ್ಮಣ್ಣ ಅದೊಂದು ಸಲ ಕೆಮ್ಮದೆ ಮಾತಾಡಿದ.

ಆಮೇಲೆ ಮಾಡಲು ಉಳಿದದ್ದು ಎಣಿಸುವುದೊಂದೇ. ಅಕ್ಕನಿಗೆ ಉಸಿರು ಸಾಲದೆ ಎಣಿಕೆ ತಪ್ಪಿದಾಗ ತಂಗಿ ಎತ್ತಿಕೊಂಡಳು. ‘ಕೈ ಸೋತುಹೋಯ್ತು ಕಣೇ’ ಎಂದಳು ಅಕ್ಕ. ಸೋತ ಕೈಯವರಿಗೆ ಹೇಳುವ ಮಾತುಗಳು ಫೋನಕ್ಕನಿಗೆ ಬೇಕಾದಷ್ಟು ಬರುತ್ತಿದ್ದವು, ಕಲಿತದ್ದೇ ಅದು. ಅವೊಂದೂ ನಾಲಿಗೆಗೆ ಬರಲಿಲ್ಲ.

‘ನಿನ್ನ ಕೈ ಸೋಲೋದಾ? ಚಿಕ್ಕಂದಿನಲ್ಲಿ ನನ್ನ ಬೆನ್ನಿಗೆ ಗುದ್ದು ಹಾಕ್ತಿದ್ದೆಯಲ್ಲ, ಆಗ ಸೋತಿತ್ತಾ? ಒತ್ತೇ!’

ಅಕ್ಕ ಒತ್ತಿದಳು. ಕಟ್ ಎಂದು ಏನೋ ಸದ್ದಾಯಿತು, ಅಕ್ಕ ಚೀರಿದಳು, ‘ಏನಾದ್ರೂ ಆಗಲಿ, ಒತ್ತು’ ಎಂದಳು ತಂಗಿ. ಮೆಟ್ಟಿಲ ಮೇಲೆ ಬೂಟುಗಳ ಸದ್ದು ಬಂತು. ‘ಬಿಡಿಯಮ್ಮ, ನಾವು ನೋಡ್ಕೋತೀವಿ’ ಎಂದು ಗಂಡಸಿನ ದನಿ. ಬಿಡದ ಅಕ್ಕನನ್ನು ಇಬ್ಬರು ಹಿಡಿದು ಎಬ್ಬಿಸಿದಂತಿತ್ತು. ನೆಲದ ಮೇಲೆ ಬಿದ್ದಿದ್ದ ಫೋನು ಎಲ್ಲವನ್ನೂ ಕೇಳಿಸುತ್ತಿತ್ತು. ಎದೆಗೆ ಕರೆಂಟು ಕೊಡ್ತೀವಿ, ದೂರ ಸರಿಯಿರಿ ಎಂದರು. ಧಡ್ ಎಂದಿತು. ಏನೂ ಇಲ್ಲ. ಮತ್ತೆ ಧಡ್ ಎಂದಿತು. ‘ಬಂತು, ನಾಡಿ ಬಂತು’ ಎಂದ ಒಬ್ಬ, ಬಸ್ಸಿಗೆ ಕಾದು ನಿಂತವರ ಹಾಗೆ. ಯಾರದೋ ಕಾಲು ತಾಗಿ ಫೋನು ಕಟ್ಟಾಯಿತು.

ಫೋನಕ್ಕ ಮುಂದಿನ ಕರೆ ಎತ್ತಿದಳು. ಯಾರದೋ ಬೆಕ್ಕು ಹೊಗೆಗೆ ಹೆದರಿ ಮರ ಹತ್ತಿತ್ತು.

ಮರುದಿನ ಸಾಹೇಬರು ಕರೆಸಿದರು. ಅಕ್ಕನ ಹಳೇ ಮನೆಗೆ ಹೊಸದಾಗಿ ಬಂದಿದ್ದ ಬಾಡಿಗೆಯವರ ಮಾವ, ಊಟ ಮಾಡಿ ಮಲಗಿದ್ದ ತಮ್ಮನ್ನು ಪುರಸಭೆಯವರು ಎದೆ ಒತ್ತಿ ಎಬ್ಬಿಸಿದರೆಂದು ದೂರು ಕೊಟ್ಟಿದ್ದರು. ಸಾಹೇಬರು ಧ್ವನಿಮುದ್ರಣವನ್ನು ಕೊನೆಯವರೆಗೂ ಕೇಳಿದರು.

‘ಜಾಗ ಯಾಕಮ್ಮ ಕೇಳಲಿಲ್ಲ?’

‘ಗೊತ್ತಿತ್ತು ಸರ್.’

‘ಗೊತ್ತಿತ್ತಾ?’

‘ಇರಲಿಲ್ಲ ಸರ್.’

ಬೀದಿದೀಪದ ದೂರು ಕೇಳುವ ಕಿಟಕಿಗೆ ಒಂದು ತಿಂಗಳು ಹಾಕಿದರು. ಹಗಲು ಹೊತ್ತಿನಲ್ಲಿ ಬೀದಿದೀಪದ ದೂರು ಯಾರು ತರುತ್ತಾರೆ? ಆಕೆಗೆ ಆಸ್ಪತ್ರೆಗೆ ಹೋಗಿ ಬರಲು ಬೇಕಾದಷ್ಟು ಬಿಡುವು ಸಿಕ್ಕಿತು.

ಹೋದಾಗ ಅಕ್ಕ ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತಿದ್ದಳು. ಎರಡು ಮಣಿಕಟ್ಟಿಗೂ ಪಟ್ಟಿ ಸುತ್ತಿತ್ತು. ತಂಗಿಯನ್ನು ನೋಡಿದಳು. ಆಕಾಶ ನೋಡೋಣವೆಂದರೆ ಅಲ್ಲಿ ಸೀಲಿಂಗು.

‘ಪಕ್ಕೆಲುಬು ಮುರಿದಿದೆಯಂತೆ, ಎರಡು’ ಎಂದಳು. ‘ಒತ್ತು ಒತ್ತು ಅಂತ ಮುರಿಸಿದೆ.’

‘ಮುರಿದರೆ ಸರಿಯಾಗಿ ಒತ್ತಿದ್ದೀಯ ಅಂತ ಅರ್ಥ.’

ಅಕ್ಕ ತಂಗಿಯ ಕಡೆಗೆ ತಿರುಗಿದಳು. ‘ಸರಿಯಾಗಿ ಒತ್ತಿದೆನಾ?’

‘ಸರಿಯಾಗಿ ಒತ್ತಿದೆ.’

ಅಕ್ಕ ಪಕ್ಕದಲ್ಲಿದ್ದ ಚೀಲ ತೆಗೆದು ಕೆಳಗಿಟ್ಟಳು. ಫೋನಕ್ಕ ಆ ಜಾಗದಲ್ಲಿ ಕೂತಳು.

‘ವ್ಯಾನು ತಪ್ಪು ಮನೆಗೆ ಕಳಿಸಿದ್ದು ನಾನು. ನನ್ನದೇ ತಪ್ಪು. ಇನ್ನೊಂದು ಸ್ವಲ್ಪ ತಡ ಆಗಿದ್ದರೆ...’

‘ಗೊತ್ತು. ಆ ಬುಲೆಟ್ಟು ಬಂದು ಹೇಳಿದ.’ ಅಕ್ಕ ಪಟ್ಟಿಯ ತುದಿ ಎಳೆದು ನೋಡಿಕೊಂಡಳು. ‘ಮನೆ ಬದಲಾಯಿಸಿದಾಗ ಇವರು ನಿನಗೆ ಹೇಳ್ತೀನಿ ಅಂದರು. ಬೇಡ, ಬೇಕಿದ್ದರೆ ಅವಳೇ ಕೇಳಲಿ ಅಂದೆ.’

‘ಅಂದ್ಯಾ?’

‘ಅಂದೆ. ಏನೀಗ?’

‘ಏನೀಗ ಅಂದ್ರೆ? ಸ್ವಂತ ತಂಗಿಗೆ ಹೇಳಬೇಡ ಅನ್ನೋಕೆ ನಿನಗೆ ಬಾಯಾದರೂ ಹೇಗೆ ಬಂತು?’

‘ಶುರು ಮಾಡಿದ್ದು ಯಾರು? ಗಂಡಿನ ಕಡೆಯವರ ಮುಂದೆ ನನ್ನ ಮಾನ ತೆಗೆದದ್ದು ಯಾರು?’

‘ಅವರು ನಕ್ಕಿದ್ದಕ್ಕೇ ನಿನ್ನ ಮಗಳ ಮದುವೆ ಆಯ್ತು!’

‘ನನ್ನ ಮಗಳು ಚೆನ್ನಾಗಿದ್ದಾಳೆ ಅಂತ ಆಯ್ತು!’

ವಾರ್ಡಿನ ನರ್ಸು ಬಾಗಿಲಲ್ಲಿ ತಲೆ ಹಾಕಿದಳು. ‘ಯಾರ್ರೀ ಅದು? ಇದೇನು ಸಂತೆನಾ? ಒಳಗೆ ಪೇಷೆಂಟಿಗೆ ನಿದ್ದೆ ಬೇಡ್ವಾ?’

ಒಳಗಿನಿಂದ ಭಾವನ ದನಿ ಬಂತು. ಪಕ್ಕೆ ನೋವಿಗೆ ತಡೆತಡೆದು ಬಂತು. ‘ಬಿಡಮ್ಮ, ಮಾತಾಡಿಕೊಳ್ಳಲಿ. ಬಾಗಿಲು ಸ್ವಲ್ಪ ತೆಗೆದಿಡು, ನನಗೂ ಕೇಳಿಸಲಿ.’

ನರ್ಸು ಬಾಗಿಲು ಹಾಕಿಕೊಂಡು ಹೋದಳು. ಅಕ್ಕ ದನಿಯನ್ನು ಇನ್ನಷ್ಟು ಏರಿಸಿದಳು.