ಸಮುದ್ರದ ಮೀನಿಗೆ ದ್ರಾಕ್ಷಿ ತೋಟದ ಪೈಪು

ನಮ್ಮದು ಅಥಣಿ ಕಡೆಯ ಜೈನರ ಮನೆ. ದ್ರಾಕ್ಷಿ ಬೆಳೆಯುವವರು, ಸೋಸದ ನೀರನ್ನು ಬಾಯಿಗಿಡದವರು. ಅಂಥ ಮನೆಯ ಪಡಸಾಲೆಗೆ ನಾನು ಸಮುದ್ರದ ಮೀನು ಸಾಕುವ ಗಾಜಿನ ತೊಟ್ಟಿ ತಂದಾಗ ಬೀಗರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು, "ಸಾಕಾಕೋ, ತಿನ್ನಾಕೋ? ಖರೇ ಹೇಳ್ರಿ" ಎಂದು ಕೇಳಿದ್ದರು. ಅವ್ವ ಮಾತ್ರ ಒಂದೇ ಷರತ್ತು ಹಾಕಿದಳು. "ಒಂದು ಜೀವ ಹೋದ್ರೂ ಈ ಡಬ್ಬಿ ಮನಿಯಾಗ ಇರಂಗಿಲ್ಲ."

ತೊಟ್ಟಿಯಲ್ಲಿದ್ದದ್ದು ಎರಡು ಕಿತ್ತಳೆ ಬಣ್ಣದ ಮೀನು, ಉದ್ದ ಮೀಸೆಯ ಒಂದು ಸೀಗಡಿ. ನೀರು ಕೆಳಗಿನ ಸೋಸುವ ಪೆಟ್ಟಿಗೆಗೆ ಇಳಿದು, ಶುದ್ಧವಾಗಿ, ಪಂಪಿನಿಂದ ಮತ್ತೆ ಮೇಲೇರಬೇಕು. ಅಂಗಡಿಯವನು ಕೊಟ್ಟಿದ್ದ ಮೆತ್ತನೆಯ ನಳಿಕೆ ಸೋರತೊಡಗಿತು. ಗಟ್ಟಿ ಪೈಪು ಬೇಕಾಯಿತು. ಹಿತ್ತಲಲ್ಲಿದ್ದ ಕಬ್ಬಿಣದ ಪೈಪನ್ನು ನಾನೇ ಬೇಡವೆಂದೆ. ಉಪ್ಪುನೀರಿಗೆ ಅದು ತುಕ್ಕು ಹಿಡಿಯುತ್ತದೆ. ಬಿಳಿ ಯುಪಿವಿಸಿ ಪೈಪು, ಪ್ಲಾಸ್ಟಿಕ್ ವಾಲ್ವು ತರುತ್ತೇನೆ ಎಂದದ್ದೇ ತಡ, ಅಪ್ಪನ ತಮ್ಮ, ನಮ್ಮ ಕಾಕಾ, ಮುಖ ಗಂಟಿಕ್ಕಿಕೊಂಡರು. ತೋಟವಿದ್ದವನು ಪೈಪು ಕೊಳ್ಳುವುದು ಅವರ ದೃಷ್ಟಿಯಲ್ಲಿ ಎಮ್ಮೆ ಕಟ್ಟಿಕೊಂಡವನು ಪೇಟೆಯಿಂದ ಹಾಲು ತಂದಂತೆ.

"ಬಳ್ಳಿಗೆ ಔಷಧ ಹೊಡಿಯೋ ಪೈಪ್ ಬಿದ್ದಾವಲ್ಲೋ, ಹಿತ್ತಾಳಿ ಕಾಕ್ ಸಹಿತ."

ಆ ಪೈಪಿನಲ್ಲಿ ವರ್ಷಗಟ್ಟಲೆ ಹರಿದದ್ದು ನೀಲಿ ಬಣ್ಣದ ಮೈಲುತುತ್ತ. ಅದರಲ್ಲಿರುವುದು ತಾಮ್ರ, ಹಿತ್ತಾಳೆಯ ವಾಲ್ವಿನಲ್ಲಿರುವುದೂ ತಾಮ್ರ, ಸೀಗಡಿಗೆ ತಾಮ್ರವೇ ವಿಷ. ಹೇಳಿ ನೋಡಿದೆ.

"ರೋಗ ಓಡಸೋ ಔಷಧ ಅದು. ನಿನ್ನ ಮೀನಿಗ ರೋಗ ಬರ್ಬೇಕನ?" ಎಂದರು ಕಾಕಾ. ಹಿರಿಯರ ಎದುರು ಇದಕ್ಕಿಂತ ಹೆಚ್ಚು ವಾದಿಸುವ ರೂಢಿ ನಮ್ಮಲ್ಲಿಲ್ಲ.

ಮರುದಿನ ಬೆಳಿಗ್ಗೆ ನಾನು ತೋಟಕ್ಕೆ ಹೋಗಿ ಬರುವಷ್ಟರಲ್ಲಿ ಅವರು ಅದೇ ಪೈಪು ಜೋಡಿಸಿ, ಸೈಕಲ್ ಟ್ಯೂಬಿನ ಪಟ್ಟಿ ಬಿಗಿದು, ಪಂಪು ಚಾಲೂ ಮಾಡಿ, ಮದುವೆ ಮುಗಿಸಿದವರಂತೆ ಚಹಾ ಕುಡಿಯುತ್ತ ಕುಳಿತಿದ್ದರು. ಓಡಿ ಹೋಗಿ ಪಂಪು ನಿಲ್ಲಿಸಿದೆ. ತೊಟ್ಟಿಯ ತಳದಲ್ಲಿ ಸೀಗಡಿ ಮಗುಚಿ ಬಿದ್ದಿತ್ತು. ಕಾಲು, ಮೀಸೆ ಎಲ್ಲ ಇದ್ದವು, ಅಲುಗಾಟವಿರಲಿಲ್ಲ.

ಬಸದಿಯಿಂದ ಬಂದ ಅವ್ವ ಅದನ್ನು ನೋಡಿ ನಮೋಕಾರ ಮಂತ್ರ ಹೇಳಿದಳು. ಊಟಕ್ಕೆ ತಾಟು ಹಚ್ಚಲು ಹೊರಟ ನನ್ನ ಹೆಂಡತಿಗೆ, "ನನಗ ಇವತ್ತ ಉಪವಾಸ" ಎಂದು ಗೋಡೆಗೊರಗಿ ಕುಳಿತಳು. ಕಾಕಾ ಪೈಪು ಬಿಚ್ಚಿ ಒಳಗೆ ಕಣ್ಣಿಟ್ಟು ನೋಡಿದರು. ಒಳಗೆಲ್ಲ ನೀಲಿ. ಪೈಪನ್ನು ಕೆಳಗಿಟ್ಟರು.

ಪೇಟೆಗೆ ಹೋಗಿ ಬಿಳಿ ಪೈಪು ತಂದು ಜೋಡಿಸಿದೆ. ಉಪ್ಪು ಬೆರೆಸಿ ಬೇರೆ ನೀರು ಹಾಕಿದೆ. ಕೈ ಕೆಲಸ ಮಾಡುತ್ತಿದ್ದರೂ ಷರತ್ತಿನದೇ ಚಿಂತೆ. ಕೊನೆಗೆ ನಾನೇ ಕೇಳಿದೆ.

"ಡಬ್ಬಿ ಹೊರಗ ಹಾಕ್ಲೇನವ್ವ?"

"ಉಳಿದ ಎರಡನ್ನ ಎಲ್ಲಿ ಬಿಡ್ತಿ? ಕೃಷ್ಣಾ ಹೊಳಿಯಾಗ? ಅಲ್ಲಿ ಅವಕ್ಕ ಉಪ್ಪು ಯಾರ್ ಹಾಕ್ತಾರ?"

ಅಷ್ಟರಲ್ಲಿ ತೊಟ್ಟಿಯೊಳಗಿನ ಕಲ್ಲುಗಳ ಸಂದಿಯಿಂದ ಸೀಗಡಿ ಮೆಲ್ಲಗೆ ಹೊರಗೆ ಬಂತು. ತಳದಲ್ಲಿ ಬಿದ್ದಿದ್ದದ್ದು ಅದು ಕಳಚಿದ ಹಳೆಯ ಚಿಪ್ಪು. ಸೀಗಡಿ ಹೀಗೆ ಮಾಡುತ್ತದೆಂದು ಓದಿದ್ದೆ, ಗಾಬರಿಯಲ್ಲಿ ಹೊಳೆದಿರಲಿಲ್ಲ. "ಹಾವು ಪೊರಿ ಬಿಟ್ಟಂಗ, ಅವ್ವ" ಎಂದೆ.

ಅವ್ವ ಗಾಜಿಗೆ ಮೂಗು ಹಚ್ಚಿ ನೋಡಿದಳು. "ಅಂದ್ರ ನಾ ಮುಂಜಾನಿಂದ ಒಂದು ಅಂಗಿ ಸಲುವಾಗಿ ಹಸಕೊಂಡ ಕುಂತೀನಿ?"

ಕಾಕಾಗೆ ಹೋದ ಜೀವ ಬಂತು. "ಏನೂ ಆಗಂಗಿಲ್ಲ ಅಂತ ನಾ ಹೇಳಿದ್ದಿಲ್ಲೇನ್ರಿ, ವೈನಿ? ಏಳ್ರಿ, ಊಟಾ ಮಾಡ್ರಿ" ಎಂದು ಅತ್ತಿಗೆಗೆ ಹೇಳುತ್ತ ತಾವೇ ಮೊದಲು ತಾಟಿನ ಮುಂದೆ ಕುಳಿತು ರೊಟ್ಟಿ ಮುರಿದರು.

"ಹಿಡಿದ ಉಪವಾಸ ಬಿಡಂಗಿಲ್ಲ" ಎಂದಳು ಅವ್ವ. "ಪೈಪ್ ಹಾಕಿದವರ ಸಲುವಾಗಿ ಇರ್ತೀನಿ."

ಕಾಕಾ ಮುರಿದ ರೊಟ್ಟಿಯನ್ನು ತಾಟಿನಲ್ಲೇ ಬಿಟ್ಟು, ಎದ್ದು ಹೋಗಿ ಕೈ ತೊಳೆದುಕೊಂಡರು.