ಎಕ್ಸ್‌ಚೇಂಜ್ ಅತ್ತೆಯ ಅನುಮಾನ

ನಮ್ಮ ಸೋದರತ್ತೆಯ ನೆತ್ತಿಯ ಮೇಲೆ, ಒಂದು ಕಿವಿಯಿಂದ ಇನ್ನೊಂದು ಕಿವಿಯವರೆಗೆ, ಬೆರಳಗಲದ ಒಂದು ದಾರಿ ಇತ್ತು. ಅಲ್ಲಿ ಕೂದಲು ಸವೆದು ತೆಳುವಾಗಿತ್ತು. ತಲೆಗೆ ಎಣ್ಣೆ ಹಚ್ಚಿಕೊಂಡ ದಿನ ಆ ಜಾಗ ಮಾತ್ರ ಬೇರೆಯಾಗಿ ಹೊಳೆಯುತ್ತಿತ್ತು. ಕೊಳ್ಳೇಗಾಲದ ಹಳೆಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ವರ್ಷಗಟ್ಟಲೆ ಹೆಡ್‌ಸೆಟ್ ತೊಟ್ಟಿದ್ದರ ಗುರುತು ಅದು.

ಆಗಿನ ಫೋನು ಈಗಿನಂತಲ್ಲ. ಕೊಳ್ಳೇಗಾಲದಿಂದ ಹನೂರಿಗೆ ಮಾತಾಡಬೇಕಾದರೆ ಮೊದಲು ಅತ್ತೆಯಂಥವರಿಗೆ ಹೇಳಬೇಕಿತ್ತು. ಅವರು ಬೋರ್ಡಿನ ಒಂದು ತೂತಿನಿಂದ ಇನ್ನೊಂದಕ್ಕೆ ವೈರು ಸಿಕ್ಕಿಸಿ ಎರಡು ಕಡೆಯವರನ್ನೂ ಜೋಡಿಸುತ್ತಿದ್ದರು. ಜೋಡಿಸಿದವರಿಗೆ ಇಬ್ಬರ ಮಾತೂ ಕೇಳುತ್ತಿತ್ತು. ಅತ್ತೆಯ ಅನುಮಾನವೆಲ್ಲ ಹುಟ್ಟಿದ್ದು ಆ ಕುರ್ಚಿಯಲ್ಲೇ.

ನಾನು ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಕಂಪ್ಯೂಟರ್ ಸೆಂಟರ್ ಇಟ್ಟುಕೊಂಡಿದ್ದೇನೆ. ಜೆರಾಕ್ಸ್, ಪಹಣಿ, ಆನ್‌ಲೈನ್ ಅರ್ಜಿ, ಇಂಥವು. ಅತ್ತೆ ಪೆನ್ಶನ್ ಪಡೆದ ಮೇಲೆ ಬೆಳಗಿನ ತಿಂಡಿ ಮುಗಿಸಿ ಸೀದಾ ನನ್ನ ಅಂಗಡಿಗೆ ಬಂದು ಕೂರುತ್ತಿದ್ದಳು. ಪೇಪರಿನಲ್ಲಿ ಮೊದಲು ಓದುತ್ತಿದ್ದದ್ದು ಮೊಬೈಲು, ಇಂಟರ್‌ನೆಟ್ಟು, ಸೈಬರ್ ಕಾನೂನಿನ ಸುದ್ದಿ. ಗಟ್ಟಿಯಾಗಿ ಓದಿ, ಕನ್ನಡಕ ತೆಗೆದು, ತೀರ್ಪು ಕೊಡುತ್ತಿದ್ದಳು.

ಜನರ ಖಾಸಗಿ ಮಾಹಿತಿಯನ್ನು ಕಾಪಾಡುವ ಕಾನೂನು ಬಂದ ಸುದ್ದಿಯನ್ನು ಎರಡೆರಡು ಸಲ ಓದಿದಳು. "ಮಾಹಿತಿ ನಂದೇ ಅಂತೆ ಕಣ್ಲಾ. ಮಡಿಕ್ಕಳದು ಅವರಂತೆ, ಬಳಸದು ಅವರಂತೆ, ಕಳುವಾದ್ರೆ ನನಗೆ ಏಳ್ತಾರಂತೆ. ಇನ್ನು ನಂದು ಅನ್ನದು ಎಲ್ಲದೆ ಇದರಾಗೆ?" ಎಂದಳು.

ಯಾವುದಾದರೂ ಆ್ಯಪ್ ಹಾಕುವಾಗ ನಾನು 'ಒಪ್ಪಿದ್ದೇನೆ' ಎಂಬುದನ್ನು ಓದದೆ ಒತ್ತಿದರೆ ಕೈ ಹಿಡಿಯುತ್ತಿದ್ದಳು. "ತಡೀಲಾ. ನನ್ನ ಮದುವೇಲೂ ಇಂಗೇ, ಸರತ್ತು ಯಾರೂ ಓದಿ ಏಳ್ನಿಲ್ಲ. ಒಪ್ಪಿಗೆ ಅಂತ ಮಾತ್ರ ತಲೆ ಆಡುಸ್ಬುಟ್ರು."

ಮೆಸೇಜು ಕಳಿಸಿದವರಿಗೆ, ತಲುಪಿದವರಿಗೆ ಬಿಟ್ಟು ಮಧ್ಯದಲ್ಲಿ ಯಾರಿಗೂ ಕಾಣುವುದಿಲ್ಲ ಎಂದು ಒಮ್ಮೆ ನಾನು ವಿವರಿಸಿದೆ. ಅತ್ತೆ ನಕ್ಕುಬಿಟ್ಟಳು. "ಮಧ್ಯದಾಗೆ ಕೂತಿದ್ದೋಳು ನಾನು. ನಮ್ಮ ಸಾಹೇಬ್ರೂ ಜನಕ್ಕೆ ಇದನ್ನೇ ಏಳೋರು."

ಫ್ಯಾಮಿಲಿ ಗ್ರೂಪಿನಲ್ಲಿ ಎಲ್ಲರೂ ಹೆಬ್ಬೆರಳು ತೋರಿಸುವುದನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲ. "ಹೆಬ್ಬೆಟ್ಟು ಬುಡ್ಸಕೆ ಊರೂರ್ಗೂ ಇಸ್ಕೂಲು ಕಟ್ಟುದ್ರು. ಓದ್ದೋರೆಲ್ಲ ಸೇರ್ಕಂಡು ತಿರ್ಗಾ ಹೆಬ್ಬೆಟ್ಟೇ ಒತ್ತಾವ್ರೆ ನೋಡು," ಎನ್ನುತ್ತಿದ್ದಳು. ಅಂಗಡಿಗೆ ಬಂದವರು ಕೆಲಸ ಮುಗಿದರೂ ಇವಳ ಮಾತಿಗಾಗಿ ನಿಂತುಕೊಳ್ಳುತ್ತಿದ್ದರು.

ಒಂದು ವಿಷಯದಲ್ಲಿ ಮಾತ್ರ ಅವಳು ತಮಾಷೆ ಮಾಡುತ್ತಿರಲಿಲ್ಲ. ಯಾರೋ ತಮ್ಮ ಬಗ್ಗೆ ಇಂಟರ್‌ನೆಟ್ಟಿನಲ್ಲಿರುವ ಹಳೆಯ ಸುದ್ದಿಯನ್ನು ಅಳಿಸಿ ಎಂದು ಕೋರ್ಟಿಗೆ ಹೋದ ವರದಿ ಬಂದಿತ್ತು. ಅತ್ತೆ ಪೇಪರನ್ನು ಮಡಿಸಿ ಪಕ್ಕಕ್ಕಿಟ್ಟಳು. ಆಮೇಲೆ, "ಈ ಊರ್ನಾಗೆ ಯಾರ ಮನೇಲಿ ಏನಾಗಿತ್ತು ಅಂತ ನನಗೆ ಗೊತ್ತಿತ್ತು ಕಣ್ಲಾ. ಸಂಜೆ ಹೆಡ್‌ಸೆಟ್ ತೆಗೆದು ಮಡಗುದ್ರೆ ಅಲ್ಲಿಗೇ ಬುಡ್ತಿದ್ದೆ. ಯಾವ ಕಾನೂನೂ ಏಳಿರ್ನಿಲ್ಲ ನನಗೆ," ಎಂದಳು. ಅವಳಿಂದ ಯಾರ ಮನೆಯ ಗುಟ್ಟೂ ನಾವು ಕೇಳಿದ್ದಿಲ್ಲ.

ಅವಳ ಅನುಮಾನ ಒಬ್ಬರನ್ನು ಉಳಿಸಿದ್ದನ್ನು ನಾನೇ ಕಂಡಿದ್ದೇನೆ. ಧನಗೆರೆಯ ರೈತರೊಬ್ಬರು ಒಂದು ಮಧ್ಯಾಹ್ನ ಬೆವರುತ್ತಾ ಅಂಗಡಿಗೆ ಬಂದರು. ಕೈಯಲ್ಲಿದ್ದ ಫೋನಿನಲ್ಲಿ ಖಾಕಿ ತೊಟ್ಟ ಒಬ್ಬ ಕೂತಿದ್ದ. ಅವರ ಹೆಸರಿನಲ್ಲಿ ಕಳ್ಳಸಾಗಣೆಯ ಪಾರ್ಸಲ್ ಸಿಕ್ಕಿದೆಯಂತೆ, ಫೋನಿನಲ್ಲೇ ಅವರನ್ನು ಬಂಧಿಸಲಾಗಿದೆಯಂತೆ, ಕಾಲ್ ಕಟ್ ಮಾಡಿದರೆ ಮನೆಗೇ ಬರುತ್ತಾರಂತೆ. ಅವರು ಹೆದರಿ ತಮ್ಮ ಬ್ಯಾಂಕಿನ ವಿವರ ಪ್ರಿಂಟ್ ಮಾಡಿಸಲು ಬಂದಿದ್ದರು. ಅತ್ತೆ ಕೈ ಚಾಚಿ ಫೋನ್ ತೆಗೆದುಕೊಂಡಳು. ಪರದೆ ನೋಡಲಿಲ್ಲ, ಕಿವಿಗಿಟ್ಟುಕೊಂಡು ಕಣ್ಣು ಮುಚ್ಚಿದಳು.

"ಸಾ, ಸ್ಟೇಷನ್ ಅಂತೀರಿ. ಒಂದು ಬಾಗ್ಲು ಕಿರ್ ಅನ್ನದಿಲ್ಲ, ಒಬ್ಬ ಕೆಮ್ಮದಿಲ್ಲ, ವೈರ್‌ಲೆಸ್ಸೂ ಇಲ್ಲ. ಅದ್ಯಾವ ಸ್ಟೇಷನ್ ಸಾ?"

ಆ ಕಡೆಯವನು ಕೂಗಾಡಿದ. ಅತ್ತೆ ಫೋನ್ ಆಫ್ ಮಾಡಿ ಅವರ ಕೈಗಿಟ್ಟಳು. "ಓಗಿ ಅಣ್ಣ, ಟೀ ಕುಡ್ದು ಮನೆಗೋಗಿ. ಯಾರ್ನಾದ್ರೂ ಹಿಡೀಬೇಕು ಅಂದ್ರೆ ಪೊಲೀಸ್ರು ಬತ್ತಾರೆ, ಇಂಗೆ ಫೋನ್ನಾಗೆ ಕೂತ್ಕಳದಿಲ್ಲ." ಅವತ್ತಿನಿಂದ ಅತ್ತೆಯ ಅನುಮಾನ ಎಂದರೆ ನಮ್ಮ ಬೀದಿಗೆ ಭರವಸೆ. ನನಗೂ ಅಷ್ಟೇ.

ಹಾಗಿರುವಾಗ ಅವಳಿಗೇ ಒಂದು ಕಾಲ್ ಬಂತು.

ಹೊಸ ನಂಬರು. ಅತ್ತೆ ಎತ್ತಿ ಕಿವಿಗಿಟ್ಟಳು. ಒಂದು ಮಾತೂ ಆಡದೆ ಕಟ್ ಮಾಡಿ, "ಈ ನಂಬರ್ನ ಬರ್ದಂಗೆ ಮಾಡ್ಲಾ," ಎಂದಳು. ನಾನು ಬ್ಲಾಕ್ ಮಾಡಿದೆ. ಏನೆಂದು ಕೇಳಿದ್ದಕ್ಕೆ ನಿಧಾನವಾಗಿ ಹೇಳಿದಳು.

ಅವಳು ಕೊಳ್ಳೇಗಾಲದ ಬೋರ್ಡಿನಲ್ಲಿದ್ದ ಕಾಲಕ್ಕೆ ಹನೂರಿನ ಬೋರ್ಡಿನಲ್ಲಿ ಒಬ್ಬಳಿದ್ದಳಂತೆ. ಗಡಿ ಕಡೆಯವಳು, ಮಾತಿನ ನಡುವೆ ತಮಿಳು ಬೆರೆಸುವವಳು. ಲೈನ್ ಖಾಲಿ ಇದ್ದಾಗಲೆಲ್ಲ ಇಬ್ಬರೂ ಮಾತಾಡುತ್ತಿದ್ದರು. ಇವಳು ಅವಳನ್ನು 'ಅನೂರು' ಎಂದು ಕರೆದರೆ ಅವಳು ಇವಳನ್ನು 'ಕೊಳ್ಳೇಗಾಲ' ಎನ್ನುತ್ತಿದ್ದಳು. ಅತ್ತೆಯ ಗಂಡ ತೀರಿಕೊಂಡಾಗ ಮೊದಲು ಅತ್ತಿದ್ದು ಅವಳ ಹತ್ತಿರ, ಅದೇ ಲೈನಿನಲ್ಲಿ. ಇಷ್ಟಾದರೂ ಇಬ್ಬರೂ ಮುಖ ನೋಡಿರಲಿಲ್ಲ. ದಿನವೂ ಮಾತಾಡುತ್ತಿದ್ದವರಿಗೆ ಬಸ್ ಹತ್ತಿ ಹೋಗಿ ನೋಡಬೇಕು ಅನ್ನಿಸಿರಲಿಲ್ಲ. ಆಮೇಲೆ ಅವಳಿಗೆ ವರ್ಗವಾಯಿತು, ಬೋರ್ಡುಗಳೂ ಹೋದವು. ಜೋಡಿಸುವವರು ಇಲ್ಲದೆ ಇಬ್ಬರ ಮಾತೂ ನಿಂತಿತು.

"ಈಗ ಫೋನ್ನಾಗೆ ಅವಳೇ ಕಣ್ಲಾ. 'ಎನ್ನಕ್ಕಾ, ಕೊಳ್ಳೇಗಾಲ ಎದ್ದದಾ?' ಅಂದ್ಲು. ಅದೇ ಗಂಟ್ಲು, ಅವತ್ತಿಂದು. ನನ್ನ ಗಂಟ್ಲು ನೋಡು, ಒಡ್ದೋಗದೆ. ಅವಳ್ದು ಮಾತ್ರ ಹೆಂಗೆ ಹಂಗೇ ಇದ್ದದು? ಯಂತ್ರದಾಗೆ ಗಂಟ್ಲು ಮಾಡ್ತಾರೆ ಅಂತ ಮೊನ್ನೆ ತಾನೆ ಪೇಪರ್ನಾಗೆ ಓದ್ನಲ್ಲ."

ಕಟ್ ಮಾಡಿದ್ದೇ ಸರಿ ಎಂದು ನಾನೂ ಹೇಳಿದೆ.

ಆದರೆ ಆಮೇಲೆ ಅವಳು ಪೇಪರ್ ಮುಟ್ಟಲಿಲ್ಲ. ಅಂಗಡಿಗೆ ಬಂದರೂ ರಸ್ತೆ ನೋಡುತ್ತಾ ಕೂರುತ್ತಿದ್ದಳು. ಒಂದು ದಿನ ಪ್ರಿಂಟರ್ ಸದ್ದು ನಿಲ್ಲುವುದನ್ನೇ ಕಾಯುತ್ತಿದ್ದವಳಂತೆ ಕೇಳಿದಳು. "ಯಂತ್ರ ಗಂಟ್ಲ ಮಾಡ್ಬೇಕು ಅಂದ್ರೆ ಮೊದ್ಲು ಆ ಗಂಟ್ಲ ಎಲ್ಲಾದ್ರೂ ಕೇಳಿರ್ಬೇಕಲ್ವ?"

"ಹೂಂ ಅತ್ತೆ, ರೆಕಾರ್ಡಿಂಗ್ ಬೇಕು."

"ನಮ್ಮ ಮಾತ ಯಾರು ರೆಕಾರ್ಡ್ ಮಾಡಿದ್ರು? ಆ ಲೈನ್ನಾಗೆ ಕದ್ದು ಕೇಳೋರು ಅಂದ್ರೆ ನಾವೇ ಇಬ್ರು." ತನ್ನ ಫೋನನ್ನು ನನ್ನ ಮುಂದಿಟ್ಟಳು. "ನನ್ನ ಅನುಮಾನದ ಮ್ಯಾಲೇ ನನಗೆ ಅನುಮಾನ ಬತ್ತಾದೆ ಕಣ್ಲಾ. ಆ ನಂಬರ್ಗೆ ಮಾಡು."

ನಾನು ಮಾಡಿದೆ. ಎತ್ತಿದ ಹೆಂಗಸು ರಾಮಾಪುರದಲ್ಲಿದ್ದಳು. ನನ್ನಿಂದ ವಿಷಯ ಕೇಳಿ ಕೋಪಿಸಿಕೊಳ್ಳಲಿಲ್ಲ. "ನಾನು ಆ ಅನೂರು ಆಪರೇಟರ್ ಮಗಳು ಸಾ," ಎಂದಳು. ಫೋನ್ ಕೊಡಲು ಹೋದರೆ ಅತ್ತೆ ತೆಗೆದುಕೊಳ್ಳಲಿಲ್ಲ. "ಇದರಾಗೆ ಬ್ಯಾಡ. ನಡಿ, ಓಗಿ ನೋಡಾನ."

ಮರುದಿನ ಹನೂರು ಬಸ್ ಹತ್ತಿದೆವು. ದಾರಿಯುದ್ದಕ್ಕೂ ಅತ್ತೆ ಬ್ಯಾಗನ್ನು ಎದೆಗವಚಿಕೊಂಡಿದ್ದಳು. "ಇದೂ ಮೋಸ ಆದ್ರೆ?" ಎಂದು ಮಧ್ಯೆ ಒಮ್ಮೆ ಕೇಳಿದಳು. ಹನೂರಿನಲ್ಲಿ ಬಸ್ ಬದಲಿಸಿ ರಾಮಾಪುರದಲ್ಲಿ ಇಳಿದಾಗ ಬಿಸಿಲು ಏರಿತ್ತು.

ಸ್ಟಾಪಿನ ಹಿಂದಿನ ಬೀದಿಯ ಹೆಂಚಿನ ಮನೆ. ಬಾಗಿಲಿಗೆ ಬಂದ ಮಗಳು "ಬನ್ನಿ ದೊಡ್ಡವ್ವಾ" ಎನ್ನುತ್ತಿದ್ದಂತೆ ಅತ್ತೆ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಫೋನಿನಲ್ಲಿ ಬಂದಿದ್ದ ಗಂಟಲು ಅದೇ.

"ಅವ್ವನ ಗಂಟ್ಲೇ ನಂಗೆ ಬಂದದೆ ಅಂತಾರೆ ಎಲ್ಲ," ಎಂದಳು ಅವಳು. ತಾಯಿಗೆ ಪಾರ್ಶ್ವವಾಯು ಹೊಡೆದು ಮಾತು ನಿಂತುಹೋಗಿತ್ತು. ಅದಕ್ಕೂ ಮೊದಲು ಕೊಳ್ಳೇಗಾಲದ ಗೆಳತಿಯ ಕತೆಯನ್ನು ಮಕ್ಕಳಿಗೆ ಸಾವಿರ ಸಲ ಹೇಳಿದ್ದಳಂತೆ. ನಿವೃತ್ತರ ವಾಟ್ಸ್‌ಆ್ಯಪ್ ಗ್ರೂಪೊಂದರಲ್ಲಿ ಕೇಳಿ ಮಗಳು ನಂಬರ್ ಹುಡುಕಿದ್ದಳು. "ಬೆಳಿಗ್ಗೆ ಮೊದ್ಲು ನಿಮ್ಗೆ ಏನಂತಿದ್ದೆ ಅಂತ ಅವ್ವ ಏಳಿದ್ಲು. ಅದನ್ನೇ ಅಂದ್ರೆ ನಿಮ್ಗೆ ಕುಸಿ ಆಯ್ತದೆ ಅನ್ಕಂಡೆ ದೊಡ್ಡವ್ವಾ."

ಒಳಗೆ ಮಂಚದ ಮೇಲೆ ಒಬ್ಬಳು ಮುದುಕಿ ಮಲಗಿದ್ದಳು. ಅತ್ತೆ ಹತ್ತಿರ ಹೋಗಿ ನಿಂತಳು. ಒಬ್ಬರ ಮುಖ ಒಬ್ಬರಿಗೆ ಗೊತ್ತಿರಲಿಲ್ಲ. ಅತ್ತೆ ಆ ಮುಖವನ್ನು, ಬಾಗಿದ ತುಟಿಯನ್ನು ದಿಟ್ಟಿಸಿ ನೋಡಿದಳು. ನನ್ನ ಕಡೆ ತಿರುಗಿದ ಕಣ್ಣಿನಲ್ಲಿ ಅನುಮಾನ ಇನ್ನೂ ಹೋಗಿರಲಿಲ್ಲ.

ಆಗ ಮಲಗಿದ್ದವಳು ಸ್ವಾಧೀನವಿದ್ದ ಕೈಯನ್ನು ಎತ್ತಿ ಮಂಚದ ಕಬ್ಬಿಣಕ್ಕೆ ಉಗುರಿನಿಂದ ಬಡಿದಳು. ಟಕ್ ಟಕ್, ತಡೆದು, ಟಕ್.

ಅತ್ತೆ ಮಂಚದ ಅಂಚಿನಲ್ಲಿ ಕೂತಳು. ಮಳೆಗಾಲದಲ್ಲಿ ಲೈನ್ ಕೆಟ್ಟು ಮಾತು ಕೇಳದಿದ್ದಾಗ, ನಾನಿಲ್ಲೇ ಇದ್ದೇನೆ ಎಂದು ತಿಳಿಸಲು ಮೌತ್‌ಪೀಸಿನ ಮೇಲೆ ಇಬ್ಬರೂ ಹೀಗೆ ಬಡಿಯುತ್ತಿದ್ದರಂತೆ. ಮಗಳಿಗೂ ಅದು ಗೊತ್ತಿರಲಿಲ್ಲ. ಅತ್ತೆ ತನ್ನ ಉಗುರಿನಿಂದ ಅದೇ ಕಬ್ಬಿಣಕ್ಕೆ ತಿರುಗಿ ಬಡಿದಳು. ಗೆಳತಿಯ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, "ಅನೂರು, ಲೈನ್ ಸರಿಯಾಗದೆ ಕಣೆ. ನಾನೇ ಮಾತಾಡ್ತೀನಿ, ನೀನು ಕೇಳು," ಎಂದಳು. ಸಂಜೆಯ ಬಸ್ಸಿನವರೆಗೂ ಮಾತಾಡಿದಳು.

ವಾಪಸು ಬರುವಾಗ ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದಳು. "ಸುಳ್ಳ ಹಿಡೀತೀನಿ ಅಂತ ಓಗಿ ನಿಜಾನೇ ಕಟ್ ಮಾಡ್ಬುಟ್ಟಿದ್ದೆ ಕಣ್ಲಾ. ನಾವು ಬರಾಕೆ ಮುಂಚೇನೆ ಅವಳು ಓಗ್ಬುಟ್ಟಿದ್ರೆ?"

ಅಲ್ಲಿಂದಾಚೆಗೆ ವಾರ ವಾರ ರಾಮಾಪುರಕ್ಕೆ ಹೋಗಿ ಬರುತ್ತಿದ್ದಳು. ಮುಂದಿನ ಬೇಸಿಗೆಯಲ್ಲಿ ಗೆಳತಿ ತೀರಿಕೊಂಡಳು. ಅತ್ತೆ ಪೇಪರ್ ಓದುವುದನ್ನು ಮತ್ತೆ ಹಿಡಿದಳು, ಬೈಯುವುದನ್ನೂ ಹಿಡಿದಳು. ಒಂದು ಮಾತ್ರ ಹೊಸದಾಗಿತ್ತು. "ಯಾಕೋ ನಂಬಿಕೆ ಬರಾಕಿಲ್ಲ" ಎಂದು ಹೇಳಿ ಮುಗಿಸುತ್ತಿದ್ದವಳು, ಈಗ "ಓಗಿ ನೋಡ್ದೋರು ಯಾರಿದಾರೆ?" ಎಂದು ಕೇಳುತ್ತಿದ್ದಳು. ಹೋದ ವರ್ಷ ಅವಳೂ ಹೋದಳು, ನಿದ್ದೆಯಲ್ಲೇ.

ಮೊನ್ನೆ ನಮ್ಮ ಬೀದಿಯ ಗ್ರೂಪಿಗೆ ಒಂದು ಫೋಟೋ ಬಂತು. ಹೆಗಲಿಗೆ ಬಟ್ಟೆಗಂಟು ಹಾಕಿಕೊಂಡ ಒಬ್ಬ ಹೆಂಗಸು, ಪಕ್ಕದಲ್ಲಿ ಅಳುತ್ತಿರುವ ಮಗು. ಮಕ್ಕಳ ಕಳ್ಳಿ, ಯಳಂದೂರಿನಲ್ಲಿ ತಿರುಗುತ್ತಿದ್ದಾಳೆ, ಕಂಡರೆ ಬಿಡಬೇಡಿ ಎಂದು ಕೆಳಗೆ ಬರೆದಿತ್ತು. ಪರಿಚಯದವರು ಇಬ್ಬರು ಬಂದು, ಇದನ್ನು ದೊಡ್ಡದಾಗಿ ಪ್ರಿಂಟ್ ಹಾಕಿಕೊಡು, ಬಸ್ ಸ್ಟ್ಯಾಂಡಿನಲ್ಲಿ ಅಂಟಿಸುತ್ತೇವೆ ಎಂದರು. ಸಂಜೆ ಬನ್ನಿ ಎಂದು ಅವರನ್ನು ಕಳಿಸಿ, ಅಂಗಡಿ ಮುಚ್ಚಿ ಬೈಕ್ ಹತ್ತಿದೆ.

ಯಳಂದೂರಿನಲ್ಲಿ ವಿಚಾರಿಸುತ್ತಾ ಹೋದರೆ ಒಂದು ಹೋಟೆಲಿನ ಪಕ್ಕದ ಜಗಲಿಯ ಮೇಲೆ ಸಿಕ್ಕಳು. ಬಣ್ಣದ ನೈಟಿಗಳನ್ನು ಹರಡಿಕೊಂಡು ಕೂತಿದ್ದಳು. ಫೋಟೋದಲ್ಲಿದ್ದ ಮಗು ಅವಳ ತೊಡೆಯ ಮೇಲೆ ಮಲಗಿತ್ತು. ಹೋಟೆಲಿನವರು ಅವಳನ್ನು ವರ್ಷಗಳಿಂದ ಬಲ್ಲರು, ಮಗು ಅವಳ ಮೊಮ್ಮಗಳು ಎಂದರು. ನಾನು ಸುಮ್ಮನೆ ನಿಂತೇ ಇದ್ದದ್ದನ್ನು ನೋಡಿ ಅವಳಿಗೆ ಗಾಬರಿಯಾಗಿರಬೇಕು, ಮಗುವನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಏನ್ ಸಾ? ಏನಾಗ್ಬೇಕಿತ್ತು?"

"ಏನಿಲ್ಲ ಕಣಮ್ಮ," ಎಂದೆ. "ನಿಮ್ಮನ್ನ ಒಂದ್ಸಲ ನೋಡ್ಕಂಡು ಓಗಾನ ಅಂತ ಬಂದೆ."