ಬರೀ ರಾಗಿಯ ತಾಕು

ಹವಾಮಾನ ಬದಲಾವಣೆಗೆ ಹೊಂದಿಕೊಳ್ಳುವುದನ್ನು ರೈತರಿಗೆ ಕಲಿಸುವುದು ನನ್ನ ಕೆಲಸ. ಹೊಂದಿಕೊಳ್ಳದೆ ಅವರು ಇಷ್ಟು ತಲೆಮಾರು ಬದುಕಿದ್ದು ಹೇಗೆ ಎಂದು ಸಂದರ್ಶನದಲ್ಲೇ ಕೇಳಿದ್ದೆ. ಕಾಲೇಜಿನ ಚರ್ಚಾಸ್ಪರ್ಧೆಗಳಿಂದ ಅಂಟಿದ ಚಾಳಿ. ಆದರೂ ಕೆಲಸ ಕೊಟ್ಟರು.

ತೆರಕಣಾಂಬಿ ಹತ್ತಿರ ಒಬ್ಬ ಅಕ್ಕನ ಹೊಲದಲ್ಲಿ ನಮ್ಮ ಪ್ರಯೋಗದ ತಾಕು ಇತ್ತು. ಮಳೆ ಕಡಿಮೆಯಾದರೂ ತಾಳುವ ಹೊಸ ರಾಗಿ. ಇಳುವರಿ ಅಳೆಯಬೇಕಾದ್ದರಿಂದ ಜೊತೆಗೆ ಬೇರೇನೂ ಬಿತ್ತುವಂತಿಲ್ಲ. ಷರತ್ತು ಪಾಲಿಸಿದವರಿಗೆ ಯೋಜನೆಯಿಂದ ಒಂದು ಕೃಷಿ ಹೊಂಡ. ಅಕ್ಕ ಒಪ್ಪಿದ್ದೇ ಆ ಹೊಂಡಕ್ಕಾಗಿ.

ಹಣ ಕೊಡುವ ಹೊರದೇಶದ ಸಂಸ್ಥೆಯ ಅಧಿಕಾರಿಯೊಬ್ಬರು ತಾಕು ನೋಡಲು ಬರುವವರಿದ್ದರು. ಒಂದು ಗಂಟೆ ಮುಂಚೆ ಹೋಗಿ ನೋಡಿದರೆ, ರಾಗಿಯ ನಡುನಡುವೆ ಅಕ್ಕಡಿ ಸಾಲು. ಅವರೆ, ತೊಗರಿ, ಅಲ್ಲಲ್ಲಿ ಹರಳು. ಆಗಲೇ ಮೊಣಕಾಲೆತ್ತರ.

“ಅಕ್ಕ, ಬರೀ ರಾಗಿ ಅಂದಿದ್ದೆ.”

“ರಾಗಿನೇ ಅಲ್ವಾ ಬಿತ್ತಿರೋದು? ಅಕ್ಕಡಿ ಬುಟ್ಟು ಯಾರಾದ್ರೂ ಒಲ ಬಿತ್ತಾರ ಕಣಮ್ಮಿ? ರಾಗಿ ಕೈ ಕೊಟ್ರೆ ಉಣ್ಣಕ್ಕೆ ಏನಾದ್ರೂ ಬ್ಯಾಡ್ವಾ?”

ನಮ್ಮ ಕೈಪಿಡಿ ಪುಟಗಟ್ಟಲೆ ಹೇಳಲು ಹೆಣಗಿದ್ದನ್ನು ಅವಳು ಒಂದೇ ಪ್ರಶ್ನೆಯಲ್ಲಿ ಮುಗಿಸಿದ್ದಳು. ಆದರೆ ತಾಕು ಕೆಟ್ಟಿತ್ತು. ಗುಂಡ್ಲುಪೇಟೆಯ ಆಫೀಸಿನಲ್ಲಿದ್ದ ನಮ್ಮ ಸಂಯೋಜಕರಿಗೆ ಫೋನ್ ಮಾಡಿದೆ.

“ಕೀಳಿಸಿಬಿಡಿ. ಇನ್ನೂ ಟೈಮಿದೆ” ಎಂದರು.

“ಇಷ್ಟು ದಿನ ಜೊತೆಗೆ ಬೆಳೆದಿದೆ ಸರ್. ಈಗ ಕಿತ್ತು, ಬರೀ ರಾಗಿ ಅಂತ ತೋರಿಸಿದ್ರೆ ಅದು ಸುಳ್ಳು.”

“ಕೀಳದಿದ್ರೆ ಹೊಂಡ ಹೋಗುತ್ತೆ. ನಿಮ್ಮದಲ್ಲ, ಅವರದು.”

ಫೋನಿನ ಮಾತು ಅಕ್ಕನಿಗೂ ಕೇಳಿಸಿತ್ತು. ಅವಳು ಬಗ್ಗಿ ತೊಗರಿ ಗಿಡ ಕೀಳತೊಡಗಿದಳು. ಅರ್ಧ ಸಾಲು ಮುಗಿಯಿತು. ಹೇಳಿದ್ದಕ್ಕಿಂತ ಮೊದಲೇ ರಸ್ತೆಯ ತಿರುವಿನಲ್ಲಿ ಅಧಿಕಾರಿಯ ಜೀಪು ಕಾಣಿಸಿತು.

ನಾನು ಅವಳ ಕೈ ಹಿಡಿದೆ. “ಬೇಡ ಅಕ್ಕ. ನಾನು ಒಪ್ಪಿಸ್ತೀನಿ.”

“ಒಪ್ಪಿಸ್ಬುಟ್ಟೀಯಾ?”

“ಒಪ್ಪಿಸ್ತೀನಿ.”

ಅವಳು ಕೀಳುವುದನ್ನು ಬಿಟ್ಟಳು. ಜೀಪಿನಿಂದ ಇಳಿದ ಅಧಿಕಾರಿಯೊಂದಿಗೆ ನಾನು ಇಂಗ್ಲಿಷಿನಲ್ಲಿ ವಾದಿಸಿದೆ. ಒಂದು ಬೆಳೆ ಹೋದರೆ ಇನ್ನೊಂದು ಉಳಿಯುತ್ತದೆ, ನೀವು ಹುಡುಕಿಕೊಂಡು ಬಂದದ್ದು ಇಲ್ಲಿ ಆಗಲೇ ಬೆಳೆದು ನಿಂತಿದೆ ಎಂದೆ. ಆ ಅಧಿಕಾರಿ ತಲೆದೂಗಿದರು, ಫೋಟೊ ತೆಗೆದುಕೊಂಡರು, ಇದೇ ನಿಜವಾದ ಹೊಂದಾಣಿಕೆ ಎಂದರು. ಆಮೇಲೆ ತಮ್ಮ ಹಾಳೆಯಲ್ಲಿ ಈ ತಾಕನ್ನು ಪ್ರಯೋಗದಿಂದ ಕೈಬಿಟ್ಟರು. ಹೊಂಡದ ಮಾತೆತ್ತಿದೆ. ಷರತ್ತು ಎಲ್ಲರಿಗೂ ಒಂದೇ ಎಂದರು, ಬಹಳ ನಯವಾಗಿ.

ಜೀಪು ಹೋದ ಮೇಲೆ ಅಕ್ಕ ಹತ್ತಿರ ಬಂದಳು.

“ಒಪ್ಪುದ್ರಾ?”

“ನಾನು ಹೇಳಿದ್ದನ್ನು ಒಪ್ಪಿದ್ರು.”

“ಒಂಡ?”

“ಇಲ್ಲ ಅಕ್ಕ.”

ಅವಳು ಅರ್ಧ ಬೋಳಾದ ಸಾಲನ್ನು ನೋಡಿದಳು. “ನಿನ್ ಮಾತ್ ಕೇಳ್ದೆ ಪೂರಾ ಕಿತ್ತಾಕ್‌ಬುಡ್ಬೇಕಿತ್ತು ಕಣಮ್ಮಿ.”

ಅಲ್ಲವೆನ್ನಲು ಬಾಯಿ ತೆರೆದೆ. ಅವಳು ಆಗಲೇ ಕಿತ್ತ ಗಿಡಗಳನ್ನು ಹಸುವಿಗೆಂದು ಆಯ್ದುಕೊಳ್ಳುತ್ತಿದ್ದಳು. ನಾನೂ ಬಗ್ಗಿ ಆಯತೊಡಗಿದೆ.